ಸೇತುವೆಯ ಮೇಲಿನ ಹೇರ್‌ಪಿನ್ನು

ಮೇ 7, 1912. ಮಂಗಳವಾರ, ಬೆಳಿಗ್ಗೆ 5:30

ಇವತ್ತೂ ಒಂದು ಬೀಳಿಸಬೇಕು. ಕಬ್ಬಿಣದ ಸೇತುವೆಯ ಮೇಲೆ, ಎಡಗಡೆಯ ಮೂರನೆಯ ದೀಪದ ಕಂಬದ ಬುಡದಲ್ಲಿ. ಗಿರಣಿಗೆ ಹೋಗುವ ಹುಡುಗಿಯರು ಅಲ್ಲಿ ನದಿ ನೋಡುತ್ತಾರೆ, ನೆಲ ನೋಡುವುದಿಲ್ಲ. ಹತ್ತು ಗಂಟೆಗೆ ಅಣ್ಣ ಓವಿಲಾ ಅದೇ ದಾರಿಯಲ್ಲಿ ಮೈದಾನಕ್ಕೆ ಹೋಗುತ್ತಾನೆ. ನೆಲವನ್ನೇ ನೋಡಿಕೊಂಡು. ಬೇಸ್‌ಬಾಲ್ ಆಡುವವರೆಲ್ಲ ಹಾಗೆಯೇ. ದಾರಿಯಲ್ಲಿ ಹೆಂಗಸಿನ ಹೇರ್‌ಪಿನ್ನು ಸಿಕ್ಕರೆ ಆ ದಿನ ಬ್ಯಾಟಿಗೆ ಒಂದು ಹಿಟ್ ಎಂದು ಅವರ ನಂಬಿಕೆ. ಎರಡು ಸಿಕ್ಕರೆ ಎರಡು. ಎತ್ತಿ ಬಲಜೇಬಿಗೆ ಹಾಕಬೇಕು, ಯಾರದು ಎಂದು ಕೇಳಬಾರದು.

ನಿನ್ನೆ ಸಿಕ್ಕಿತು. ನಿನ್ನೆ ಹೊಡೆದ. ಊಟಕ್ಕೆ ಕೂತಾಗ ಹೇಳಿದ — "ಅಮ್ಮ, ಈ ಊರಲ್ಲಿ ಯಾವಳೋ ಒಬ್ಳಿಗೆ ತಲೆ ಕಟ್ಕೊಳಕ್ಕೇ ಬರಲ್ಲ. ನೂರು ವರ್ಷ ಬಾಳ್ಲಿ ಅವಳು."

ನಾನು ಬಟಾಣಿ ಸೂಪಿನ ಬಟ್ಟಲಲ್ಲಿ ಮುಖ ಇಟ್ಟುಕೊಂಡೆ.

ಪಿನ್ನು ತೆಗೆದರೆ ಕೂದಲು ಜಾರಿ ಎಡಗಣ್ಣಿನ ಮೇಲೆ ಬೀಳುತ್ತದೆ. ಅದೂ ಒಳ್ಳೆಯದೇ. ಆ ಕಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆಗೆ ತಿರುಗಿದೆ.

ಗಿರಣಿಯ ಸೈರನ್ ಆಯಿತು. ಓಡಬೇಕು.

ಮೇ 11. ಶನಿವಾರ, ಸಂಜೆ

ಗಿರಣಿ ಮಧ್ಯಾಹ್ನಕ್ಕೇ ಬಿಟ್ಟಿತು. ಆಟ ನೋಡಲು ಹೋದೆ. ಶಾಲು ಹೊದ್ದು, ಕಂಬದ ಹಿಂದೆ. 9-2. ಸೋತರು.

ನಮ್ಮ ಊರಿನ ಸ್ಪಿಂಡಲ್ಸ್ ಟೀಮು ಹನ್ನೊಂದು ವರ್ಷದಿಂದ ಲೀಗಿನ ಕಟ್ಟಕಡೆಯಲ್ಲಿದೆ. ಮೇಡಮ್ ಪೆಪಿನ್ನಳ ಶಾಪವಂತೆ. ಅವಳು ಬಟ್ಟೆ ಒಗೆದು ಬದುಕುತ್ತಿದ್ದ ವಿಧವೆ. ಬಟ್ಟೆ ಒಣಹಾಕುವ ಅವಳ ಬಯಲನ್ನೇ ಕಿತ್ತುಕೊಂಡು ಮೈದಾನ ಮಾಡಿದರು. ಆಗ ಅವಳು ಹಗ್ಗ ಸುತ್ತಿಕೊಳ್ಳುತ್ತಾ ಹೇಳಿದಳಂತೆ — "ನಿಮ್ಮ ಬಟ್ಟೆಗೆ ಮಣ್ಣೇ ಅಂಟ್ಲಿ, ಗೆಲುವು ಮಾತ್ರ ಅಂಟ್ದೇ ಇರ್ಲಿ."

ಅಮ್ಮ ಅವಳ ಪಕ್ಕದ ಮನೆಯಲ್ಲಿದ್ದವಳು. ಅಮ್ಮ ಹೇಳುವುದೇ ಬೇರೆ. "ಅವಳೆಲ್ಲಿ ಶಾಪ ಹಾಕಿದ್ಲು? ಮೂಗು ಒರೆಸ್ಕೊಂಡು, ಹಗ್ಗದ ಕಂಬನಾದ್ರೂ ಕೊಡ್ರಪ್ಪಾ ಅಂದ್ಲು. ಅದನ್ನೂ ಕೊಡ್ಲಿಲ್ಲ."

ಇದನ್ನು ಯಾರೂ ಕೇಳುವುದಿಲ್ಲ. ಶಾಪ ಇದ್ದರೆ ಸೋಲಿಗೆ ಒಂದು ಗೌರವ.

ದೊಡ್ಡ ಲೀಗಿನವರು ಈ ಬೇಸಿಗೆ ಆಟಗಾರರನ್ನು ಆರಿಸಲು ಬರುತ್ತಾರಂತೆ. ಆರಿಸಿದರೆ ಓವಿಲಾ ಗಿರಣಿ ಊರು ಬಿಡುತ್ತಾನೆ. ನಮ್ಮನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. "ಅಲ್ಲಿ ಕಣ್ಣಿನ ಡಾಕ್ಟ್ರು ಇರ್ತಾರೆ ಅಜೇಲಿ. ಮೊದಲು ನಿನ್ನ ಕಣ್ಣೇ." ಎರಡು ಸಲ ಹೇಳಿದ್ದಾನೆ. ಎರಡೂ ಸಲ ನಾನು ಬರೆದಿಟ್ಟಿದ್ದೇನೆ.

ಜೂನ್ 8. ಶನಿವಾರ

ಬರೆಯಬಾರದು ಅಂದುಕೊಂಡಿದ್ದೆ.

ಓವಿಲಾ ಊಟದ ಡಬ್ಬಿ ಮರೆತು ಹೋಗಿದ್ದ. ಅಮ್ಮ ನನ್ನ ಕೈಗೆ ಕೊಟ್ಟಳು. ಗೇಟಿನ ಬಳಿ ಆಟಗಾರರೆಲ್ಲ ನಿಂತಿದ್ದರು. ಗಾಳಿ ಜೋರಾಗಿತ್ತು, ಶಾಲು ಜಾರಿತು, ಕೂದಲೂ ಹಾರಿತು. ಕ್ಯಾಪ್ಟನ್ ಮಕಾರ್ಡಲ್ ನನ್ನ ಮುಖ ನೋಡಿದವನು ಸಟ್ಟನೆ ಟೋಪಿ ತೆಗೆದು ಅದರೊಳಗೆ ಉಗಿದ.

"ಮೆಳ್ಳೆಗಣ್ಣು. ಉಗೀರಿ, ಉಗೀರಿ ಎಲ್ಲಾ. ನಮ್ಮ ಸೋಲಿನ ಕೇಡು ಎಲ್ಲಿದೆ ಅಂತ ಹನ್ನೊಂದು ವರ್ಷದಿಂದ ಹುಡುಕ್ತಿದ್ದೆ, ಇಲ್ಲೇ ಗೇಟಲ್ಲೇ ನಿಂತಿದೆ ನೋಡ್ರೋ."

ಒಬ್ಬೊಬ್ಬರೇ ಟೋಪಿ ತೆಗೆದರು. ಉಗಿದರು. ಮೆಳ್ಳೆಗಣ್ಣು ಕಂಡರೆ ಹಾಗೆ ಮಾಡಬೇಕು, ಮಾಡದಿದ್ದರೆ ಬ್ಯಾಟಿನ ಅದೃಷ್ಟ ಹೋಗುತ್ತದಂತೆ. ಎಂಟು ಜನ. ಒಂಬತ್ತನೆಯವನು ಓವಿಲಾ.

ಅವನು ನನ್ನನ್ನು ನೋಡಿದ. ಕ್ಯಾಪ್ಟನನ್ನು ನೋಡಿದ. ಟೋಪಿ ತೆಗೆದ.

ಡಬ್ಬಿ ನೆಲದ ಮೇಲಿಟ್ಟು ಬಂದೆ.

ಜೂನ್ 9. ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ

ಓವಿಲಾ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತ. ತುಂಬ ಹೊತ್ತು ಬೂಟಿನ ಮಣ್ಣು ಕೆರೆದ.

"ನಿನ್ನ ಮೇಲೆ ಉಗಿದಿದ್ದಲ್ವಲ್ಲ. ಟೋಪಿಗೆ ಉಗಿದಿದ್ದು."

"ಹೂಂ."

"ಎಲ್ರೂ ಉಗಿಯೋವಾಗ ನಾನೊಬ್ನೇ ಸುಮ್ನಿದ್ರೆ ಏನಂತಾರೆ?"

"ಹೂಂ."

"ಮೈದಾನದ ಕಡೆ ಬರ್ಬೇಡ. ಸೀಸನ್ ಮುಗಿಯೋವರೆಗೂ ಅಷ್ಟೆ."

ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಜಪಮಾಲೆ ನಿಂತಿತ್ತು. "ಅವನು ಹೇಳಿದಂಗೆ ಕೇಳಮ್ಮಾ," ಎಂದಳು. ಜಪಮಾಲೆ ಮತ್ತೆ ಶುರುವಾಯಿತು.

ಮೇಡಮ್ ಪೆಪಿನ್ ಸತ್ತು ನಾಲ್ಕು ವರ್ಷ. ಸತ್ತವಳನ್ನು ಮೈದಾನದಿಂದ ಅಟ್ಟಲು ಆಗುವುದಿಲ್ಲ. ನನ್ನನ್ನು ಆಗುತ್ತದೆ.

ಜುಲೈ 2. ಮಂಗಳವಾರ

ಮೂರು ವಾರ ಪಿನ್ನು ಬೀಳಿಸಲಿಲ್ಲ. ಮೂರು ವಾರದಿಂದ ಓವಿಲಾ ಹೊಡೆದಿಲ್ಲ. ಒಂದೇ ಒಂದು ಹಿಟ್, ಅದೂ ಕಲ್ಲಿಗೆ ತಗುಲಿ ಹಾರಿದ್ದು. ಟೀಮು ಸೋಲುತ್ತಲೇ ಇದೆ. ನಾನು ಹೋಗದೆಯೂ ಸೋಲುತ್ತದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವವರಿಲ್ಲ. ಬೀದಿಯಲ್ಲಿ ನನ್ನನ್ನು ಕಂಡವರು ಟೋಪಿ ತೆಗೆಯುತ್ತಾರೆ. ದೂರದಿಂದ ನೋಡುವವರಿಗೆ ಮರ್ಯಾದೆ ಕೊಟ್ಟಂತೆ ಕಾಣಬೇಕು.

ಗಿರಣಿಯಲ್ಲಿ ಡೆಲ್ವಿನಾ ನನ್ನ ಪಕ್ಕದ ಯಂತ್ರ ಬಿಟ್ಟು ಆಚೆ ಸಾಲಿಗೆ ಹೋದಳು. ನಾಲ್ಕನೇ ತರಗತಿವರೆಗೆ ಒಂದೇ ಬೆಂಚಿನಲ್ಲಿ ಕೂತವಳು. "ಬೇಜಾರ್ ಮಾಡ್ಕೋಬೇಡ ಕಣೆ. ನಾನೇನು ನಂಬಲ್ಲಪ್ಪ. ಆದ್ರೆ ನೂಲು ತುಂಬಾ ಕಡೀತಿದೆ."

ಓವಿಲಾ ಊಟ ಬಿಟ್ಟಿದ್ದಾನೆ. ಬೀನ್ಸ್ ತಟ್ಟೆಯಲ್ಲೇ ತಣ್ಣಗಾಗುತ್ತದೆ. ಇವತ್ತು ಬೆಳಿಗ್ಗೆ ಅವನು ಎದ್ದು ಬ್ಯಾಟಿನ ಹಿಡಿಗೆ ತೀರ್ಥ ಚಿಮುಕಿಸುತ್ತಿದ್ದ.

ನಾಳೆ ಎರಡು ಬೀಳಿಸುತ್ತೇನೆ.

ಜುಲೈ 3

ಎರಡು ಹಿಟ್.

ಮನೆಗೆ ಬಂದವನು ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಆಮೇಲೆ ನನ್ನ ಕಡೆ ಬೆರಳು ತೋರಿಸಿದ — "ನೋಡಿದ್ಯಾ? ನೀನು ದೂರ ಇದ್ದಿದ್ದಕ್ಕೇ ತಿರುಗ್ತು."

ಆಗಸ್ಟ್ 27. ಮಂಗಳವಾರ, ಸಂಜೆ 7

ದಿನಕ್ಕೊಂದು ಪಿನ್ನು. ದಿನಕ್ಕೊಂದು ಹಿಟ್, ಕೆಲವೊಮ್ಮೆ ಎರಡು. ಪೇಪರಿನಲ್ಲಿ ಅವನ ಹೆಸರು ಬಂತು. ಇಷ್ಟು ದಿನ ನನಗೆ ಇಲ್ಲಿ ಬರೆಯಲು ಬೇರೇನೂ ಇರಲಿಲ್ಲ.

ಇವತ್ತು ಕ್ಯಾಪ್ಟನ್ ಮಕಾರ್ಡಲ್ ಮನೆಗೇ ಬಂದ. ಓವಿಲಾ ಹಿಂದೆ. ಕ್ಯಾಪ್ಟನ್ ಬಾಗಿಲಲ್ಲಿ ಟೋಪಿ ತೆಗೆದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಉಗಿಯಲಿಲ್ಲ. ಕೈಯಲ್ಲೇ ಹಿಡಿದು ತಿರುಗಿಸುತ್ತಾ ನಿಂತ.

"ನೋಡಮ್ಮಾ, ಹಳೇದೆಲ್ಲ ಮರ್ತುಬಿಡು. ನಂಗೆ ಒಂದು ವಿಷ್ಯ ಹೊಳೀತು. ಹಾವು ನಮ್ಮನೆ ಹಾಸಿಗೇಲಿದ್ರೆ ಕೇಡು. ಎದುರು ಮನೆ ಹಾಸಿಗೆಗೆ ಬಿಟ್ರೆ?"

ಶನಿವಾರ ಎದುರಾಳಿಗಳ ಬೆಂಚಿನ ಹಿಂದೆ ನನ್ನನ್ನು ಕೂರಿಸುತ್ತಾರಂತೆ. ಅವರ ಪಿಚರ್ ಬಾಲು ಎಸೆಯುವಾಗ ನಾನು ಅವನನ್ನೇ ನೋಡಬೇಕಂತೆ. ಆ ದಿನ ದೊಡ್ಡ ಲೀಗಿನವನು ಬರುತ್ತಿದ್ದಾನೆ.

"ನಮ್ಮೋರ ಕಡೆ ಮಾತ್ರ ತಿರುಗ್ಬೇಡ, ದಮ್ಮಯ್ಯ," ಎಂದ ಕ್ಯಾಪ್ಟನ್.

"ಒಪ್ಕೋ ಪುಟ್ಟೀ," ಎಂದ ಓವಿಲಾ. ಪುಟ್ಟಿ ಎಂದು ಕರೆದು ವರ್ಷವೇ ಆಗಿತ್ತು.

ಒಪ್ಪಿಕೊಂಡೆ. ಆ ಒಂದು ಮಾತಿಗೆ ಒಪ್ಪಿಕೊಂಡೆ. ಇಲ್ಲಿ ಯಾರೂ ಓದುವುದಿಲ್ಲ, ನಿಜ ಬರೆಯಬಹುದು.

ಆಗಸ್ಟ್ 31. ಶನಿವಾರ

6-1. ಗೆದ್ದರು.

ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿಕೊಂಡು ಹೋಗಿದ್ದೆ. ಅವರ ಬೆಂಚಿನಲ್ಲಿ ಒಬ್ಬ ಹಿಂದೆ ತಿರುಗಿದ, ನನ್ನನ್ನು ಕಂಡ, ಆಮೇಲೆ ಎಲ್ಲರ ಟೋಪಿಯೂ ಕೆಳಗೆ ಬಂತು. ಪಿಚರ್ ಚಿಕ್ಕವನು. ಕುತ್ತಿಗೆಯ ಶಿಲುಬೆಯನ್ನು ಮುಟ್ಟಿಕೊಳ್ಳುತ್ತಲೇ ಎಸೆದ. ಎಲ್ಲೆಲ್ಲಿಗೋ ಎಸೆದ. ಮೂರು ಸಾವಿರ ಜನ ಕಾಲು ಕುಟ್ಟುತ್ತಾ ಕೂಗಿದರು — "ಮೆಳ್ಳೇ, ನೋಡೇ. ಮೆಳ್ಳೇ, ನೋಡೇ." ಮೈದಾನದಲ್ಲಿ ನಾನು ಬೇಕು ಎಂದವರು ಅವರೇ ಮೊದಲು.

ಓವಿಲಾ ಎರಡು ಹಿಟ್ ಹೊಡೆದನಂತೆ. ನಾನು ನೋಡಲಿಲ್ಲ. ನೋಡಬೇಡ ಎಂದಿದ್ದರು. ಬ್ಯಾಟಿನ ಸದ್ದು ಕೇಳಿದೆ.

ಆಟ ಮುಗಿದ ಮೇಲೆ ಹುಲ್ಲಿನ ಟೋಪಿಯ ದೊಡ್ಡ ಲೀಗಿನವನು ಅವನ ಜೊತೆ ಮಾತಾಡುತ್ತಿದ್ದ. ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ, ಒಟ್ಟಿಗೆ ಮನೆಗೆ ಹೋಗಲು.

"ಆ ಹುಡುಗಿ ಯಾರಪ್ಪಾ? ನಿನ್ನನ್ನೇ ಕಾಯ್ತಿರೋ ಹಾಗಿದೆ."

"ಯಾರೋ ಗಿರಣಿಯವಳು. ಕ್ಯಾಪ್ಟನ್ ಎಲ್ಲಿಂದಲೋ ಹಿಡ್ಕೊಂಡು ಬಂದಿದ್ದು," ಎಂದ ಓವಿಲಾ.

ನಾನು ಬೆಳಿಗ್ಗೆ ಕಟ್ಟಿಕೊಟ್ಟ ಊಟದ ಡಬ್ಬಿ ಅವನ ಕೈಯಲ್ಲೇ ಇತ್ತು.

ಸೆಪ್ಟೆಂಬರ್ 6. ಶುಕ್ರವಾರ, ಸಂಜೆ

ನಾಳೆ ಹುಲ್ಲಿನ ಟೋಪಿಯವನು ಮತ್ತೆ ಬರುತ್ತಾನೆ. ನಾಳೆಯೂ ಹೊಡೆದರೆ ಕಾಗದಕ್ಕೆ ಸಹಿ.

ಕೇಳಿಯೇಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಅವನನ್ನು ನಾನಾಗಿ ಕೇಳಿದ ಮೊದಲ ಪ್ರಶ್ನೆ ಇರಬೇಕು.

"ಶನಿವಾರ ನೀನು ಹೇಳಿದ್ದು ಕೇಳಿಸ್ತು."

ಅವನು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ನಿಲ್ಲಿಸಲಿಲ್ಲ.

"ಇನ್ನೇನು ಹೇಳ್ಬೇಕಿತ್ತು? ಮೆಳ್ಳೆಗಣ್ಣು ನಮ್ಮನೇಲೇ ಇದೆ ಅಂತಾನಾ? ರಕ್ತದಲ್ಲೇ ಇರತ್ತೆ ಅಂತ ಬಿಟ್ಟೇ ಹೋಗ್ತಿದ್ದ."

"ಅಲ್ಲಿಗೆ ಹೋದ್ಮೇಲೆ? ನಾವು ಬಂದ್ರೆ?"

"ಅಮ್ಮ ಬರ್ಲಿ ಮೊದ್ಲು. ನೀನು... ನೋಡೋಣ. ಅಲ್ಲೂ ಟೀಮೇ ಅಲ್ವಾ."

ಆಮೇಲೆ ಸಮಾಧಾನಕ್ಕೋ ಏನೋ ತಂಬಾಕಿನ ತಗಡಿನ ಡಬ್ಬಿ ತೆಗೆದು ತೋರಿಸಿದ. ಒಳಗೆಲ್ಲ ನನ್ನ ಪಿನ್ನುಗಳು. ಒಂದೊಂದನ್ನೂ ಒರೆಸಿ ಇಟ್ಟಿದ್ದಾನೆ. ಜೊತೆಗೆ ಒಯ್ಯುತ್ತಾನಂತೆ.

"ಇವಳು ಯಾರು ಅಂತ ಗೊತ್ತಾದ್ರೆ ಕಾಲಿಗೆ ಬೀಳ್ತೀನಿ ಕಣೆ."

ಹೇಳಬಹುದಿತ್ತು. ಹೇಳಿದ್ದರೆ ಡಬ್ಬಿಯನ್ನು ನದಿಗೆ ಎಸೆದು, ಟೋಪಿ ಹುಡುಕುತ್ತಿದ್ದ.

ಸೆಪ್ಟೆಂಬರ್ 7. ಶನಿವಾರ, ಮಧ್ಯಾಹ್ನ 12:40

ಬೆಳಿಗ್ಗೆ ಸೇತುವೆಯ ಮೇಲೆ ಏನೂ ಬೀಳಿಸಲಿಲ್ಲ. ಹತ್ತು ಗಂಟೆಗೆ ಅವನು ಹೋದಾಗ ಸೇತುವೆಯ ಮೇಲೆ ಮೂರು ಸಲ ಆಚೆ ಈಚೆ ನಡೆದನಂತೆ, ಏನೋ ಕಳೆದುಕೊಂಡವನ ಹಾಗೆ. ಮೀನು ಮಾರುವವಳು ಅಮ್ಮನಿಗೆ ಹೇಳಿದಳು.

ಇರುವ ಹನ್ನೊಂದು ಪಿನ್ನೂ ನನ್ನ ತಲೆಯಲ್ಲೇ ಇವೆ. ಕೂದಲನ್ನು ಪೂರ್ತಿ ಹಿಂದಕ್ಕೆ ಎಳೆದು ಕಟ್ಟಿದ್ದೇನೆ. ಒಂದು ಎಳೆಯೂ ಜಾರುವುದಿಲ್ಲ. ಕನ್ನಡಿಯಲ್ಲಿ ಎರಡೂ ಕಣ್ಣು ಕಾಣುತ್ತಿವೆ. ಇಷ್ಟು ಹೊತ್ತು ಎಂದೂ ನೋಡಿಕೊಂಡಿರಲಿಲ್ಲ.

ಇವತ್ತೂ ಎದುರಾಳಿಗಳ ಬೆಂಚಿನ ಹಿಂದೆಯೇ ನನ್ನ ಜಾಗ. ಅಲ್ಲಿಂದ ಬ್ಯಾಟು ಹಿಡಿದವನು ಇಪ್ಪತ್ತು ಹೆಜ್ಜೆ ದೂರ. ಮುಖ ಸ್ಪಷ್ಟವಾಗಿ ಕಾಣುತ್ತದೆ. ಅವನಿಗೂ ಕಾಣುತ್ತದೆ.

ಒಂದು ಕಣ್ಣು ನೋಡಿದರೆ ಬ್ಯಾಟು ತಪ್ಪುತ್ತದೆ ಎಂದು ನಾನು ನಂಬುವುದಿಲ್ಲ. ಒಂದು ದಿನವೂ ನಂಬಿಲ್ಲ. ಅವನು ನಂಬುತ್ತಾನೆ. ಅಷ್ಟು ಸಾಕು.

ಅಮ್ಮ ಕೆಳಗಿನಿಂದ ಕೂಗುತ್ತಿದ್ದಾಳೆ — "ಅಜೇಲೀ, ಹೊರಡೇ. ನೆನಪಿದೆಯಲ್ಲ, ಅಣ್ಣನ ಕಡೆ ಮಾತ್ರ..."

ನೆನಪಿದೆ. ಅವನು ಬಂದು ಬ್ಯಾಟು ಎತ್ತಿ ನಿಂತಾಗ ನಾನು ಅವನನ್ನೇ ನೋಡುತ್ತೇನೆ.