ಏರಿನಲ್ಲಿ ನಿಂತ ಬ್ಯಾಟರಿ ಆಟೋ

ಯಾದಗಿರಿ, ಸೋಮವಾರ

ದೊಡ್ಡವ್ವನಿಗೆ ಮೌನೇಶ್ವರಿಯ ಶರಣು.

ಈ ಊರಿಗೆ ಬಂದು ನಾನು ಬ್ಯಾಟರಿ ಆಟೋ ಓಡಿಸತೊಡಗಿದಾಗ ಹೊಗೆಯಿಲ್ಲ, ಸದ್ದಿಲ್ಲ ಎಂದು ಎಲ್ಲರೂ ಹೊಗಳಿದ್ದರು. ಇವತ್ತು ಅದು ಸೇತುವೆಯ ಏರಿನ ನಡುವೆ ನಿಂತುಬಿಟ್ಟಿತು. ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ, ಬೇರೆ ಕಡೆ ಚಾರ್ಜ್ ಮಾಡೋಣವೆಂದರೆ ಜಾಗವೇ ಇಲ್ಲ. ಒಳಗೆ ಸಾಯಬಮ್ಮ ಎಂಬ ಮುದುಕಿ ಇದ್ದಳು. ಡಯಾಲಿಸಿಸ್‌ಗೆ ಹೊರಟವಳು, ಕಾಲು ಬಾತುಕೊಂಡಿದ್ದವು. ನಾನು ಇಳಿದು ನೂಕತೊಡಗಿದೆ. ಹಿಂದಿನ ಕಾರಿನವರು ಹಾರ್ನ್ ಹೊಡೆದರೇ ಹೊರತು ಒಬ್ಬರೂ ಇಳಿಯಲಿಲ್ಲ. ಕಡೆಗೆ ಮುದುಕಿಯೇ ಇಳಿದಳು.

“ಬ್ಯಾಡ ಆಯಿ, ನೀ ಕುಂದ್ರು,” ಎಂದೆ.

“ಕುಂತ್ರ ದವಾಖಾನಿ ಬರ್ತದೇನು? ಕರೋನಾದಾಗ ನಾ ಉಳದೆ, ನಮ್ಮ ಓಣಿ ಬಸ್ಸು ಉಳೀಲಿಲ್ಲ ನೋಡು,” ಎನ್ನುತ್ತ ಅವಳೂ ಗಾಡಿಗೆ ಕೈ ಹಚ್ಚಿದಳು.

ಹಾಗೇ ನೂಕುತ್ತ ನಾವು ದವಾಖಾನೆ ಮುಟ್ಟುವಷ್ಟರಲ್ಲಿ ಅವಳ ಪಾಳಿ ಬೇರೆಯವರಿಗೆ ಹೋಗಿತ್ತು. ನಾಳೆ ಬಾ ಎಂದರು. ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ ಅವಳನ್ನು ನೋಡಿ ನನಗೆ ಅಳುವೂ ಬರಲಿಲ್ಲ.

“ನಾಳಿಗೂ ನೀನೇ ಬಾರವ್ವ. ನಮ್ಮ ಓಣಿಗಿ ಬ್ಯಾರೆ ಯಾರೂ ಬರಂಗಿಲ್ಲ,” ಎಂದಳು.

ಭುಜ ಬಹಳ ನೋಯುತ್ತಿದೆ, ಎಣ್ಣೆ ತಿಕ್ಕಿಕೊಂಡಿದ್ದೇನೆ. ಸುರಪುರದ ಕಾಲೇಜು ಬಿಟ್ಟು ತಾನೂ ಇಲ್ಲಿ ಗಾಡಿ ಓಡಿಸುತ್ತೇನೆ ಎಂದು ನಿನ್ನ ಮಗಳು ಸವಿತಾ ಹಟ ಹಿಡಿದಿದ್ದಳಲ್ಲ, ಬೇಡವೆಂದು ಹೇಳು. ನನಗೇ ಊರಿಗೆ ಬಂದುಬಿಡಬೇಕು ಎನಿಸುತ್ತಿದೆ. ಆದರೆ ಮುದುಕಿಗೆ ಹೂಂ ಎಂದು ಬಂದಿದ್ದೇನೆ.

ನಿನ್ನ ಮೌನೇಶ್ವರಿ