ತಾಳ ತಪ್ಪಿದ ಜೋಗುಳವೊಂದನ್ನು ಉಳಿಸಿಡಿ

ಫೆಬ್ರುವರಿ ಮೂವತ್ತು, ೨೩೪೮
ಘಟಪ್ರಭೆಯ ದಂಡೆಯಿಂದ

ನನ್ನ ಮುತ್ತಜ್ಜಿಯರ ಮುತ್ತಜ್ಜಿಯರಿಗೆ ಸಂಕಮ್ಮನ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲವೆಂದು ಬಲ್ಲೆ. ಒಂದು ತಿಂಗಳು ಉದ್ದ, ಇನ್ನೊಂದು ಗಿಡ್ಡ ಎಂಬುದನ್ನು ನಮ್ಮವರು ಸಹಿಸಲಾರದೆ ಎಲ್ಲವನ್ನೂ ಸಮ ಮಾಡಿಕೊಂಡರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವಳು, ಆದರೆ ದೊಡ್ಡ ಮನೆತನವನ್ನು ನಡೆಸುವವಳು. ಸುತ್ತಿ ಬಳಸಿ ಹೇಳುವುದು ನನಗೆ ಬಾರದು.

ನಮ್ಮ ಪ್ರತಿ ಮನೆಯ ಗೋಡೆಯಲ್ಲೂ ಒಂದು ಮುನ್ನೊಪ್ಪು ಇದೆ. ಊಟದ ತಾಟಿನಷ್ಟು ಅಗಲದ ಬಿಳಿ ಬಿಲ್ಲೆ. ಏನನ್ನಾದರೂ ಮಾಡುವ ಮುಂಚೆ ಅದರೆದುರು ಹೇಳಿದರೆ, ನೂರರಲ್ಲಿ ಎಷ್ಟು ಜನ ಮೆಚ್ಚುತ್ತಾರೆಂದು ತಿಳಿಸುತ್ತದೆ. ಕೇಳಿದರೆ ಹೆಚ್ಚು ಜನ ಮೆಚ್ಚುವಂಥದ್ದನ್ನು ತಾನೇ ಕೊಡುತ್ತದೆ. ಇದುವರೆಗೆ ಅದರ ಮಾತು ಸುಳ್ಳಾದದ್ದಿಲ್ಲ. ಸಾರಿಗೆ ಹುಳಿ ಎಷ್ಟು, ಕುಬಸಕ್ಕೆ ಯಾವ ಅಂಚು, ಸತ್ತವರ ಮನೆಯಲ್ಲಿ ಏನು ಮಾತಾಡಬೇಕು, ಎಲ್ಲವನ್ನೂ ಜನ ಅದನ್ನೇ ಕೇಳುತ್ತಾರೆ. ಕಡಿಮೆ ಬಂದದ್ದನ್ನು ಯಾರೂ ಮಾಡುವುದಿಲ್ಲ. ಮಾಡಬಾರದೆಂಬ ಕಾನೂನಿಲ್ಲ, ಕಾವಲಿನವರೂ ಇಲ್ಲ. ಇದ್ದಿದ್ದರೆ ಎದುರು ನಿಲ್ಲುವವಳೊಬ್ಬಳಾದರೂ ಹುಟ್ಟುತ್ತಿದ್ದಳು. ನಮ್ಮ ಓಣಿಯಲ್ಲಿ ಎಲ್ಲ ಮನೆಯ ಸಾರಿಗೂ ಒಂದೇ ರುಚಿ. ಚೆನ್ನಾಗಿಯೇ ಇರುತ್ತದೆ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯ ಪ್ರತಿ ಹೆಂಗಸೂ ತಾನೇ ಕಟ್ಟಿದ ಸಾಲೊಂದನ್ನು ಹಾಡಬೇಕೆಂಬುದು ನಮ್ಮ ಮನೆತನದ ಪದ್ಧತಿ. ಕೆಟ್ಟದಾಗಿ ಹಾಡಿದವಳನ್ನು ಉಳಿದವರು ನಕ್ಕು ಗೇಲಿ ಮಾಡುತ್ತಿದ್ದರು. ಅವಳು ಅವರನ್ನು ಬೈದು ಮುಂದಿನ ಸಾಲು ಹಾಡುತ್ತಿದ್ದಳು. ನಾನೂ ಗೇಲಿ ಮಾಡಿಸಿಕೊಂಡಿದ್ದೇನೆ, ಬೈದಿದ್ದೇನೆ. ಈಗ ಎಲ್ಲರೂ ಮುನ್ನೊಪ್ಪು ಕೊಟ್ಟ ಸಾಲನ್ನೇ ಹಾಡುತ್ತಾರೆ.

ಹೋದ ವರ್ಷ ನನ್ನ ಮೊಮ್ಮಗಳು ಬಾಳವ್ವ ಅದನ್ನು ಕೇಳದೆಯೇ ಹಾಡಿದಳು. ಅವಳ ಅಣ್ಣನ ಕೂಸಿಗೆ ಒಂದು ಕಿವಿ ದೊಡ್ಡದು. ನಮ್ಮ ಮನೆಯ ಜಗಳವೆಲ್ಲ ಆ ಕಿವಿಗೆ ಬೀಳಲಿ, ನಿದ್ದೆ ಮಾತ್ರ ಈ ಕಿವಿಗೆ ಬರಲಿ ಎಂದು ಕಟ್ಟಿದ್ದಳು. ನಡುವೆ ತಾಳ ತಪ್ಪಿತು. ಹೆಂಗಸರೆಲ್ಲ ಗೋಡೆಯ ಕಡೆ ನೋಡಿದರು. ಬಿಲ್ಲೆಯನ್ನು ಯಾರೂ ಕೇಳಿರಲಿಲ್ಲ, ಅದು ಸುಮ್ಮನಿತ್ತು. "ಚಂದ ಇತ್ತೇನ್ರವ್ವಾ? ಯಾರರ ಹೇಳ್ರಿ," ಎಂದು ನನ್ನ ಹಿರಿಸೊಸೆ ಮೆಲ್ಲಗೆ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ನಾನು ಗಟ್ಟಿಯಾಗಿ ನಕ್ಕೆ. ಹಾಡು ನಗುವಂಥದ್ದೇ ಆಗಿತ್ತು, ನಗುವುದು ನನ್ನ ಹಕ್ಕಾಗಿತ್ತು. ಅದಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅವಳು ನನ್ನನ್ನು ಬೈಯಲೆಂದು ಕಾದೆ. ಆದರೆ ಹುಟ್ಟಿದಾಗಿನಿಂದ ಯಾರೂ ಅವಳನ್ನು ನೋಡಿ ನಕ್ಕಿರಲಿಲ್ಲ. ಅವಳು ತೊಟ್ಟಿಲಿನ ಹಗ್ಗ ಬಿಟ್ಟು ಒಳಗೆ ಹೋದಳು. ಆಮೇಲೆ ಪದ್ಧತಿಯನ್ನು ಬಿಡಿಸಿ ಹೇಳಿದೆ. ನಾನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡಳು. ಈಗ ಅನ್ನಕ್ಕೆ ಉಪ್ಪು ಹಾಕುವ ಮುಂಚೆಯೂ ಗೋಡೆಯೆದುರು ನಿಲ್ಲುತ್ತಾಳೆ. ಬರುವ ತಿಂಗಳು ಅವಳಿಗೇ ಹೆರಿಗೆ. ತೊಟ್ಟಿಲ ಹಾಡನ್ನು ಈಗಾಗಲೇ ಬಿಲ್ಲೆಯಿಂದ ಪಡೆದಿಟ್ಟಿದ್ದಾಳೆ. ನೂರಕ್ಕೆ ತೊಂಬತ್ತೆಂಟು.

ನಿಮ್ಮ ಕಾಲದ ಹಾಡುಗಳು ಹಾಡುಗಣಜದಲ್ಲಿವೆ. ಹಳೆಯ ಧ್ವನಿಗಳನ್ನು ಕೂಡಿಡುವ ಮನೆಗೆ ನಾವು ಹಾಗೆನ್ನುತ್ತೇವೆ. ಅಲ್ಲಿಗೆ ತಲುಪಿದ್ದು ಜನ ಮೆಚ್ಚಿದ ಹಾಡುಗಳು ಮಾತ್ರ. ಹಾಗಾಗಿ ಹಿಂದಿನವರು ಯಾರೂ ತಪ್ಪಿದವರಲ್ಲ, ತಪ್ಪುವವಳು ತಾನೊಬ್ಬಳೇ ಎಂದು ಬಾಳವ್ವ ನಂಬಿದ್ದಾಳೆ. ಕಟ್ಟಲು ಕಲ್ಪನೆ ಸಾಕು, ಅವಳಲ್ಲಿ ಅದು ಬೇಕಾದಷ್ಟಿದೆ. ನಾಲ್ಕು ಜನರ ಮುಂದೆ ಹಾಡಲು ಎದೆಗಾರಿಕೆ ಬೇಕು, ಅದನ್ನು ಅವಳು ಯಾರಲ್ಲೂ ಕಂಡಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ತಾಳ ತಪ್ಪಿ ಹಾಡಿದರೆ ಅದನ್ನು ಅಳಿಸಬೇಡಿ. ಅದರ ಬೆನ್ನಿಗೇ ಬಂದ ನಗುವನ್ನೂ ಕತ್ತರಿಸಬೇಡಿ. ಆ ನಗುವಿನ ನಂತರ ಅವಳು ಹಾಡಿದ ಮುಂದಿನ ಸಾಲು ನನ್ನ ಮೊಮ್ಮಗಳಿಗೆ ಬೇಕು.

ನೀವು ನನ್ನ ಮಾತು ಕೇಳಿದ್ದರೆ ಅದು ಈಗಾಗಲೇ ಗಣಜದಲ್ಲಿ ಇರಬೇಕಿತ್ತು. ಇಂದು ಬೆಳಗಿನಿಂದ ಸಂಜೆಯವರೆಗೆ ಹುಡುಕಿಸಿದೆ. ಇಲ್ಲ. ಎಂದರೆ ಈ ಪತ್ರ ನಿಮಗೆ ಮುಟ್ಟಿಲ್ಲ. ಅಥವಾ ಮುಟ್ಟಿಯೂ ನೀವು ನಾಚಿಕೊಂಡು ಅಳಿಸಿಬಿಟ್ಟಿರಿ.

ಆದರೂ ಕಳಿಸುತ್ತಿದ್ದೇನೆ. ಬಾಳವ್ವನ ಕೂಸಿಗೆ ತೊಟ್ಟಿಲು ಕಟ್ಟುವ ದಿನ ಬೆಳಿಗ್ಗೆ ಗಣಜಕ್ಕೆ ಇನ್ನೊಮ್ಮೆ ಹೋಗಿ ನೋಡುತ್ತೇನೆ.

ಸಂಕಮ್ಮ