ಶೈಲಾಳಿಗೆ ಕಳಿಸಿದ ಖಾಲಿ ಮೇಲ್‌ಗಳು

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ದಾಮು ಮಾಡುವ ನಮಸ್ಕಾರ. ನಾವಿಲ್ಲಿ ಕ್ಷೇಮ. ನೀನಲ್ಲಿ ಕ್ಷೇಮವೇ ಎಂದು ಕೇಳುವ ಕ್ರಮ ಉಂಟು, ಆದರೆ ಕೇಳಿದರೆ ನೀನು ನಗುತ್ತಿ. ನಾವು ಆಡಿದ್ದೆಲ್ಲ ತುಳು. ಬರೆಯಲು ಶಾಲೆ ಕಲಿಸಿದ್ದು ಮಾತ್ರ ಕನ್ನಡ. ಏಳನೆಯ ಕ್ಲಾಸಿನವರೆಗೆ ಕಲಿತದ್ದು ವ್ಯರ್ಥವಾಗಬಾರದಲ್ಲ. ಮೊದಲು ನನ್ನ ದೊಡ್ಡಸ್ತಿಕೆಯ ಸುದ್ದಿ ಹೇಳಿಬಿಡುತ್ತೇನೆ: ಕಾಪುವಿನ ಕಡಲ ಬದಿಯಲ್ಲಿ ಕಿಸೆಯೊಳಗೆ ಇ-ಮೇಲ್ ಇಟ್ಟುಕೊಂಡು ತಿರುಗುವ ಮೊದಲನೆಯ ಗಂಡಸು ಈಗ ನಾನೇ. ನಮ್ಮ ಬೋಟಿನ ಯಜಮಾನರಿಗೂ ಅದಿಲ್ಲ.

ನಿನಗೆ ಮೊಬೈಲ್ ತಂದುಕೊಟ್ಟ ದಿನ ನೆನಪುಂಟಾ? ಮೀನಿನ ಬುಟ್ಟಿ ತಲೆಯ ಮೇಲೆ, ಫೋನು ಸೆರಗಿನ ಗಂಟಿನಲ್ಲಿ. ಅದೇ ದಿನ ನೀನೊಂದು ಕಾನೂನು ಮಾಡಿದೆ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ನಾನು ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಹಾಗೆಂದರೆ, ಸುಖವಾಗಿ ಬಂದಿದ್ದೇನೆ. ನೀನು ತಿರುಗಿ ಒಂದು ರಿಂಗ್ ಕೊಟ್ಟರೆ, ತಿಳಿಯಿತು, ದಡಕ್ಕೆ ಹೊರಟೆ. ಒಮ್ಮೆ ನಾನು ಕಟ್ ಮಾಡುವುದು ತಡವಾಗಿ ನೀನು ಫೋನ್ ಎತ್ತಿಬಿಟ್ಟೆ. “ಮಿಸ್ಡ್ ಕಾಲ್ ಕೊಡಲಿಕ್ಕೂ ಬರುವುದಿಲ್ಲವಾ ಮಾರಾಯ ನಿನಗೆ?” ಎಂದು ಬೈದದ್ದು ಬೋಟಿನವರಿಗೆಲ್ಲ ಕೇಳಿತು. ರಜೆಯಲ್ಲಿ ನಿನ್ನ ಮಗಳು ಶೈಲಾ ಮನೆಗೆ ಬಂದಾಗ, ನಿನ್ನ ಕೈಯಲ್ಲಿ ಮೀನಿನ ನೀರು ಎಂದು ಅವಳೇ ತಿರುಗಿ ರಿಂಗ್ ಕೊಡುತ್ತಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನೀನು ತಪ್ಪಿಸಲಿಲ್ಲ. ಆಮೇಲೆ ಒಂದು ಸಂಜೆ ನಾನು ರಿಂಗ್ ಕೊಟ್ಟು ಕಾದೆ, ಕಾದೆ... ಇರಲಿ.

ನಿನ್ನ ಉತ್ತರಕ್ರಿಯೆ ಮುಗಿಸಿ ಶೈಲಾ ಮಸ್ಕತ್ತಿನ ಆಸ್ಪತ್ರೆಯ ಕೆಲಸಕ್ಕೆ ತಿರುಗಿ ಹೊರಟ ದಿನ ನಿನ್ನ ಮನೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಳು. ನನಗೆ ಆಗಲೇ ಹೆದರಿಕೆಯಾಯಿತು. ಇವಳು ತಿರುಗಿ ಬರುವವಳಲ್ಲವೋ ಏನೋ? ಅಲ್ಲಿಂದ ಮೇಲೆ ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ “ಡ್ಯೂಟಿ ಉಂಟು ಮಾವ” ಎಂದು ಇಟ್ಟುಬಿಡುತ್ತಾಳೆ. ಹೀಗಿರುವಾಗ ಕಾರ್ಕಳದ ಗಂಡನ ಮನೆಯಿಂದ ಅವಳ ಅತ್ತೆ ಫೋನ್ ಮಾಡಿದರು. ಅಕ್ಕ, ನೀನು ಅಜ್ಜಿಯಾಗುತ್ತಿದ್ದೀ! ಆದರೆ ಹುಡುಗಿ ಹೆರಿಗೆಯನ್ನು ಅಲ್ಲಿಯೇ ಮಾಡಿಸಿಕೊಳ್ಳುತ್ತಾಳಂತೆ, ಊರಿಗೆ ಬರುವುದಿಲ್ಲವಂತೆ. ಚೊಚ್ಚಲ ಹೆರಿಗೆ ತವರಿನಲ್ಲಲ್ಲವೇ? ನೀನಿಲ್ಲದ ಮೇಲೆ ಅವಳ ತವರು ನಾನಲ್ಲದೆ ಇನ್ನು ಯಾರು? ನನ್ನವಳು ಯಶೋದ ಹೇಗೋ ಒಮ್ಮೆ ಅವಳನ್ನು ಫೋನಿನಲ್ಲಿ ಹಿಡಿದಳು. ವಾರ್ಡಿನಲ್ಲಿ ಫೋನ್ ಬಂದ್ ಇರುತ್ತದೆ ಅತ್ತೆ, ಏನಿದ್ದರೂ ಮೇಲ್ ಮಾಡಿ ಎಂದು ವಿಳಾಸ ಕೊಟ್ಟಳಂತೆ. ನಮ್ಮಿಂದ ಆಗುವುದಿಲ್ಲ ಎಂದೇ ಹಾಗೆ ಹೇಳಿದ್ದಲ್ಲವೇ? ನಿನ್ನದೇ ಬುದ್ಧಿ.

ಆದರೆ ನಾನು ಯಾರ ತಮ್ಮ? ಮಾರನೆಯ ದಿನವೇ ಮಣಿಪಾಲಕ್ಕೆ ಬಸ್ ಹತ್ತಿದೆ. ಮೊಬೈಲ್ ಅಂಗಡಿಯ ಬಸವರಾಜ ಹುಬ್ಬಳ್ಳಿ ಕಡೆಯವನು. ಪುಟ್ಟ ಪುಟ್ಟ ಕೀಲಿಗಳ ಸ್ಮಾರ್ಟ್‌ಫೋನ್ ಒಂದನ್ನು ಕೊಟ್ಟು, ವಿಳಾಸ ಮಾಡಲು ಕುಳಿತ. ನನ್ನ ಹೆಸರನ್ನು ಲೋಕದಲ್ಲಿ ಯಾರೋ ಮೊದಲೇ ಹಿಡಿದಿದ್ದಾರಂತೆ! ಹಿಂದೆ ಕಾಪು ಎಂದು ಸೇರಿಸಿದ ಮೇಲೆ ಒಪ್ಪಿತು. ಪಾಸ್‌ವರ್ಡ್ ಎಂತ ಇಡುವುದು ಎಂದಾಗ ನಾನು ಬೋಟಿನಲ್ಲಿ ಕೂಗುವ ಹಾಗೆ ನಿನ್ನ ಹೆಸರು ಹೇಳಿದೆ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. “ಅಣ್ಣಾರ, ಪಾಸ್‌ವರ್ಡ್ ಬಾಯಾಗ ಅಲ್ರೀ, ಮನಸಿನ್ಯಾಗ ಇಟ್ಕೋಬೇಕು.” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಪಾಸ್‌ವರ್ಡ್ ಬದಲಾಯಿಸಲಿಲ್ಲ. ಬರುವ ಮೇಲ್‌ಗೆ ಒಂದು ಸರ್ವರ್, ಹೋಗುವುದಕ್ಕೆ ಇನ್ನೊಂದು ಎಂದು ವಿವರಿಸಿದ. ಬರುವ ಬೋಟಿಗೆ ಒಂದು ಬದಿ, ಹೋಗುವುದಕ್ಕೆ ಇನ್ನೊಂದು, ಅದು ನಮ್ಮ ಬಂದರಿನ ಬಾಯಿಯಲ್ಲವಾ, ನನಗೇ ಪಾಠವಾ ಎಂದೆ. ಎಷ್ಟು ಹೊತ್ತಿಗೊಮ್ಮೆ ಮೇಲ್ ಬಂದಿದೆಯೇ ಎಂದು ಫೋನು ನೋಡಬೇಕು ಎಂದು ಕೇಳಿದ. ಇರುವುದರಲ್ಲಿ ಕಡಿಮೆ ಹೊತ್ತು ಯಾವುದೋ ಅದನ್ನೇ ಇಡು ಎಂದೆ.

ಅದರಿಂದ ಆದದ್ದೇನು? ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಕಡಲಿಗೆ ಹೋಗುವಾಗ ಬಂದ್ ಮಾಡಿಟ್ಟುಕೊಳ್ಳುತ್ತೇನೆ, ಮನೆಯಲ್ಲಿದ್ದರೆ ಚಾರ್ಜರ್ ಹಾಕಿ ಅದರ ಬುಡದಲ್ಲೇ ಕುಳಿತಿರುತ್ತೇನೆ. ಫೋನನ್ನು ಕರುವಿನ ಹಾಗೆ ಗೋಡೆಗೆ ಕಟ್ಟಿದ್ದೀರಿ ಎಂದು ಯಶೋದ ಹಂಗಿಸುತ್ತಾಳೆ. ಮೊದಲ ವಾರ ಬಂದದ್ದೆಲ್ಲ ಪರದೇಶದ ಲಾಟರಿ. ಒಬ್ಬಳು ವಿಧವೆ ತನ್ನ ಆಸ್ತಿಯನ್ನೆಲ್ಲ ನನಗೆ ಬರೆದುಕೊಡುತ್ತಾಳಂತೆ. ಬಸವರಾಜ ಓದಿ ಹೇಳಿ, ಅಳಿಸುವುದನ್ನೂ ಕಲಿಸಿದ. ಅಳಿಸಿದೆ. ಯಶೋದ ಈಗಲೂ ಆ ಹೆಂಗಸು ಯಾರೆಂದು ಕೇಳುತ್ತಾಳೆ.

ಶೈಲಾಳಿಗೆ ಬರೆಯಲು ಕುಳಿತಾಗ ಗೊತ್ತಾಯಿತು, ಈ ಫೋನಿಗೆ ಕನ್ನಡ ಅಕ್ಷರವೇ ಬರುವುದಿಲ್ಲ. ದೋಷ ಅದರದ್ದು, ನನ್ನದಲ್ಲ. ಅದೂ ಅಲ್ಲದೆ ಏನೆಂದು ಬರೆಯುವುದು? ಬಾ ಮಗಾ ಎಂದೇ? ಹಾಗೆಂದರೆ ಇನ್ನೂ ದೂರ ಹೋದಾಳು. ಯೋಚಿಸಿ ಯೋಚಿಸಿ ನಿನ್ನ ಕಾನೂನೇ ಸರಿ ಎನ್ನಿಸಿತು. ಒಂದಕ್ಷರವನ್ನೂ ಹಾಕದೆ ಕಳಿಸು ಎಂದು ಒತ್ತಿದೆ. ವಿಷಯ ಇಲ್ಲ, ಆದರೂ ಕಳಿಸಬೇಕೇ ಎಂದು ಫೋನು ಕೇಳಿತು. ಹೌದು ಮಾರಾಯ, ಕಳಿಸು. ಅಂದಿನಿಂದ ದಡಕ್ಕೆ ಬಂದ ಕೂಡಲೇ ಒಂದು ಖಾಲಿ ಮೇಲ್. ಬೋಟು ಕಡಲಿಗೆ ಇಳಿಯದ ದಿನವೂ ಒಂದು.

ಒಂದು ಸಂಜೆ ಬಲೆ ಮಡಚುತ್ತಿದ್ದಾಗ ಅವಳದೇ ಫೋನ್ ಬಂತು.

“ಮಾವ, ಎಂತ ಆಗಿದೆ ಅಲ್ಲಿ? ದಿನಾ ಮೇಲ್ ಬರ್ತದೆ, ತೆರೆದರೆ ಎಂತದೂ ಇಲ್ಲ. ನಿಮಗೇನಾದರೂ ಹುಷಾರಿಲ್ವಾ?”

“ಮಿಸ್ಡ್ ಕಾಲ್ ಮಾರಾಯ್ತಿ ಅದು. ಬೋಟು ಬಂತು ಅಂತ.”

ಅವಳು ನಕ್ಕಳು, ನೀನು ನಗುವ ಹಾಗೆ ಮೂಗಿನಲ್ಲಿ ಸುರುವಾಗಿ... ಆ ನಗೆ ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

“ಅಮ್ಮ ಇಲ್ಲದ ಊರಿಗೆ ಬಂದು ಎಂತ ಮಾಡುವುದು ಮಾವ?” ಎಂದಳು.

ಇದಕ್ಕೆ ಏನೆನ್ನಬೇಕೆಂದು ನಿನಗಾದರೂ ಹೊಳೆಯುತ್ತಿತ್ತೇ ಅಕ್ಕ? ಯಶೋದ ಇದ್ದಾಳೆ, ನಾನೂ ಇದ್ದೇನೆ, ಮಗುವನ್ನು ಆಡಿಸಲು ನನ್ನಷ್ಟು ಗೊತ್ತಿರುವವರು ಉಡುಪಿ ಜಿಲ್ಲೆಯಲ್ಲೇ ಇಲ್ಲ ಎಂದು ಏನೇನೋ ಕೊಚ್ಚಿದೆ. ಡ್ಯೂಟಿಗೆ ಹೊತ್ತಾಯಿತು ಮಾವ ಎಂದು ಅವಳು ಇಟ್ಟುಬಿಟ್ಟಳು. ಮರುದಿನ ಬೋಟು ದಡಕ್ಕೆ ಬಂದಾಗ ಎಂದಿನಂತೆ ಖಾಲಿ ಮೇಲ್ ಕಳಿಸಿದೆ. ಅದರ ಮರುದಿನವೂ.

ಇವತ್ತು ಬೆಳಿಗ್ಗೆ ಚಾರ್ಜರಿನ ಬುಡದಲ್ಲಿ ಚಹಾ ಕುಡಿಯುತ್ತಿದ್ದೆ. ಟಿಂಗ್ ಎಂದಿತು. ಶೈಲಾಳ ಮೇಲ್. ತೆರೆದರೆ ಮೇಲಿಂದ ಕೆಳಗಿನವರೆಗೆ ಬೆಳ್ಳಗೆ, ಒಂದು ಚುಕ್ಕಿಯೂ ಇಲ್ಲ. ಯಶೋದ ಒಳಗಿಂದ ಎಂತ ಬರೆದಿದ್ದಾಳೆ ಎಂದು ಕೇಳಿದಳು. ತಿರುಗಿ ರಿಂಗ್ ಕೊಟ್ಟಿದ್ದಾಳೆ ಎಂದು ಹೇಳಿ ನಿನ್ನ ಮನೆಯ ಬೀಗದ ಕೈ ತೆಗೆದುಕೊಂಡೆ.

ನಿನ್ನ ಮನೆಯ ಬಾಗಿಲು ತೆಗೆದು ಬಂದಿದ್ದೇನೆ. ಗಾಳಿಯಾಡಲಿ. ಸೀಮಂತದ ದಿನ ಶಂಕರಪುರದ ಮಲ್ಲಿಗೆಯನ್ನು ನಾನೇ ಕಾರ್ಕಳಕ್ಕೆ ಕೊಂಡುಹೋಗುತ್ತೇನೆ. ನೀನು ಇದ್ದಿದ್ದರೆ ಎಷ್ಟು ತರುತ್ತಿದ್ದೆಯೋ, ಅದಕ್ಕಿಂತ ಒಂದು ಚೆಂಡು ಹೂವು ಹೆಚ್ಚೇ.

ನಾನು ಮನೆಗೆ ತಿರುಗಿ ಬರುವಷ್ಟರಲ್ಲಿ ಕಾರ್ಕಳದಿಂದ ಅವಳ ಅತ್ತೆಯ ಫೋನ್ ಬಂತು. ನಿನ್ನೆ ವಿಮಾನದ ಟಿಕೆಟ್ ಮಾಡಿಸಿದಳಂತೆ, ನಿಮಗೆ ಹೇಳಲಿಲ್ಲವಾ ಎಂದು ಕೇಳಿದರು.

ಹೇಳಿದ್ದಾಳೆ ಎಂದೆ.

ನಿನ್ನ ತಮ್ಮ,
ದಾಮು